ಅಪ್ಪನ ಗುರುವಾರದ ಟಿಕೆಟ್ಟು

ನನ್ನ ತಂಗಿ ಅಪ್ಪನನ್ನು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪನ ಮೇಲಿನ ಕನಿಕರಕ್ಕೆ ಅಂದುಕೊಳ್ಳಬೇಡಿ. ಬೈಯುವಷ್ಟು ಸಲಿಗೆ ಅವಳಿಗಿದೆಯಲ್ಲ, ಅದಕ್ಕೆ. “ಏನಪ್ಪ ನೀನು, ಹಲ್ಲಿನ ಸೆಟ್ಟು ಮತ್ತೆ ಲೋಟದಲ್ಲೇ ಬಿಟ್ಟು ಬಂದ್ಯಾ? ಈಗ ಚಪಾತಿ ಹೇಗೆ ತಿಂತೀಯ, ಒಸಡಲ್ಲಾ?” ಎಂದು ನನ್ನ ಮನೆಯ ಊಟದ ಮೇಜಿನಲ್ಲೇ ಗದರುತ್ತಾಳೆ. ಎಂಬತ್ತು ವರ್ಷದ ಅಪ್ಪ ಬೈಸಿಕೊಂಡು, ಬೊಚ್ಚುಬಾಯಿಯಲ್ಲಿ ಕಿಸಕ್ಕನೆ ನಗುತ್ತಾರೆ. ಅದೇ ಅಪ್ಪ ನನ್ನ ಕಡೆ ತಿರುಗಿದರೆ ಸಾಕು, ಮುಖ ಸರಿಮಾಡಿಕೊಂಡು, “ಪಲ್ಯ ಬಹಳ ಚೆನ್ನಾಗಿದೆಯಮ್ಮ” ಅನ್ನುತ್ತಾರೆ, ಯಾರದೋ ಗೃಹಪ್ರವೇಶಕ್ಕೆ ಬಂದವರ ಹಾಗೆ. ನಾನು ಅವರ ಹಿರಿಯ ಮಗಳು, ನೆನಪಿರಲಿ.

ನಾವು ಬನಾರಸ್ಸಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ನಾನು ಬ್ಯಾಂಕಿನವಳು, ವರ್ಗ ಮಾಡಿಸಿಕೊಂಡು ಅವರ ಹಿಂದೆಯೇ ಬಂದೆ. ಅಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರಾಗಿದ್ದವರು. ಅಮ್ಮ ಹೋದ ಮೇಲೆ, ಹನ್ನೊಂದು ವರ್ಷದಿಂದ, ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದ ಚಳಿಗಾಲದಲ್ಲಿ ಅಮ್ಮನ ಹೆಸರಿನಲ್ಲಿ ಕಾಶಿಯಲ್ಲಿ ಪಿಂಡ ಹಾಕಬೇಕೆಂದು ಅಪ್ಪ, ತಂಗಿ ಇಬ್ಬರೂ ಬಂದರು. ಬಂಗಾಲಿ ಟೋಲಾದ ಲಾಡ್ಜಿನಲ್ಲಿ ಎರಡು ದಿನ ಇದ್ದು, ಕರ್ಮವೆಲ್ಲ ಮುಗಿಸಿ ಆಮೇಲೆ ನಮ್ಮ ಮನೆಗೆ ಬಂದು ಇಳಿದರು. ವಾಪಸ್ ಟಿಕೆಟ್ ಗುರುವಾರಕ್ಕೆ, ಇಬ್ಬರದೂ. ಅದರಲ್ಲಿ ಒಂದು ಕ್ಯಾನ್ಸಲ್ ಆಗಬೇಕು, ಅಪ್ಪ ನನ್ನ ಹತ್ತಿರ ಉಳಿಯಬೇಕು ಎನ್ನುವುದು ನನ್ನ ಹಟ. ಒಂದು ವರ್ಷ ಬೇಡ, ಹೋಗಲಿ, ಯುಗಾದಿಯ ತನಕವಾದರೂ. ಅವಳಿಗೆ ಹನ್ನೊಂದು ವರ್ಷ, ನನಗೆ ಹದಿನೈದು ದಿನ, ಇದು ಯಾವ ಸೀಮೆ ನ್ಯಾಯ?

ಆದರೆ ‘ಇರಿ’ ಎಂದು ನಾನು ಕೇಳಲಿಲ್ಲ. ಯಾಕೆ ಕೇಳಬೇಕು? ಅವರಾಗಿಯೇ ಹೇಳಬೇಕು. “ಬಾಯಿಬಿಟ್ಟು ಒಂದು ಮಾತು ಕೇಳಬಾರದಾ?” ಅಂದರು ನನ್ನ ಗಂಡ. “ನೀವು ಸುಮ್ನಿರಿ” ಅಂದೆ. ಬಾಯಿ ಬಿಡುವ ಬದಲು ಅಡುಗೆಮನೆಯಲ್ಲಿ ನಿಂತೆ. ಒಂದು ದಿನ ಒತ್ತುಶಾವಿಗೆ, ಒಂದು ದಿನ ಬಟಾಣಿ ಹಾಕಿದ ಬಿಸಿಬೇಳೆಬಾತು. ಗಂಡನನ್ನು ಮಂಜಿನಲ್ಲೇ ಓಡಿಸಿ, ಇಲ್ಲಿ ಚಳಿಗಾಲದಲ್ಲಿ ಮಾತ್ರ ಸಿಗುವ ಹಾಲಿನ ನೊರೆಯ ಸಿಹಿ ಮಲೈಯೋವನ್ನು ಮಣ್ಣಿನ ಕುಡಿಕೆಯಲ್ಲಿ ತರಿಸಿದೆ. ಎಲ್ಲಕ್ಕೂ ಅಪ್ಪನದು ಒಂದೇ ಮಾತು, “ಬಹಳ ಚೆನ್ನಾಗಿದೆಯಮ್ಮ.”

ಒಂದು ಮಧ್ಯಾಹ್ನ ನೀರು ತರಲು ಒಳಗೆ ಹೋದವಳಿಗೆ ಅಪ್ಪ ಪಿಸುಗುಟ್ಟಿದ್ದು ಕೇಳಿಸಿತು.

“ಸಾರಿಗೆ ಉಪ್ಪೇ ಇಲ್ಲ ಕಣೆ.”

“ಅಕ್ಕಂಗೆ ಹೇಳು, ಹಾಕ್ತಾಳೆ.”

“ಬೇಡ ಬಿಡು, ಪಾಪ, ಕಷ್ಟಪಟ್ಟು ಮಾಡಿರ್ತಾಳೆ.”

ಪಾಪವಂತೆ! ಉಪ್ಪಿಲ್ಲ ಅನ್ನುವುದನ್ನೂ ಅವಳಿಗೇ ಹೇಳಬೇಕೇ? ಮಾರನೆಯ ದಿನದ ಸಾರಿಗೆ ಬೇಕೆಂದೇ ಎರಡು ಚಮಚ ಉಪ್ಪು ಹೆಚ್ಚಿಗೆ ಸುರಿದೆ. ಅಪ್ಪ “ಬಹಳ ಚೆನ್ನಾಗಿದೆಯಮ್ಮ” ಎನ್ನುತ್ತ ಅದನ್ನೂ ಉಂಡರು. ನನ್ನ ಗಂಡ ಮಾತ್ರ ಮೂರು ಲೋಟ ನೀರು ಕುಡಿದರು.

ಉಳಿದಿದ್ದು ಒಂದೇ ಉಪಾಯ. ಊರಿನಲ್ಲಿ ರೈಲ್ವೆಯವರ ಹಳೆಯ ಸಾಮಾನುಗಳ ಮ್ಯೂಸಿಯಂ ಇದೆ. ಭಾನುವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದರೆ, ಹಳೆಯ ಎಂಜಿನ್ನು, ದೀಪ, ಬಾವುಟ ನೋಡಿ ಖುಷಿಯಾಗುತ್ತಾರೆ, ಆ ಖುಷಿಯಲ್ಲಿ “ಇನ್ನೊಂದಷ್ಟು ದಿನ ಇಲ್ಲೇ ಇರ್ತೀನಿ” ಅಂದುಬಿಡುತ್ತಾರೆ ಎಂದು ನನ್ನ ಎಣಿಕೆ. ತಂಗಿಗೆ ಸೀರೆ ಅಂಗಡಿಯ ಆಸೆ ತೋರಿಸಿ, ನನ್ನ ಮಗಳ ಜೊತೆ ಮಾಡಿ ಗೊದೌಲಿಯಾ ಕಡೆ ಸಾಗಹಾಕಲು ನೋಡಿದೆ. “ಅಯ್ಯೋ, ಮಧ್ಯೆ ಅಪ್ಪನಿಗೆ ಮಾತ್ರೆ ಕೊಡಬೇಕಲ್ಲ ಅಕ್ಕ, ನಿಂಗೆ ಗೊತ್ತಾಗಲ್ಲ” ಎಂದು ಚಪ್ಪಲಿ ಮೆಟ್ಟಿಯೇಬಿಟ್ಟಳು. ನನಗೆ ಗೊತ್ತಾಗುವುದಿಲ್ಲವಂತೆ. ಮಾತ್ರೆಯ ಚೀಟಿ ಓದಲೂ ಬಾರದವಳು ನಾನು!

ಇ-ರಿಕ್ಷಾದಲ್ಲಿ ಅಪ್ಪ, ಅವರ ತೋಳು ಹಿಡಿದುಕೊಂಡು ತಂಗಿ, ಎದುರು ಸೀಟಿನಲ್ಲಿ ನಾನು, ನನ್ನ ಮಗಳು. ಗಂಡ ಡ್ರೈವರನ ಪಕ್ಕ ತೂಗಾಡುತ್ತಿದ್ದರು. ದಾರಿಯುದ್ದಕ್ಕೂ ಅವರಿಬ್ಬರದೇ ಮಾತು. ಮೈಸೂರಿನ ಬೀದಿಯ ತರಕಾರಿಯವನು, ಎದುರುಮನೆಯ ನಾಯಿ, ಯಾವುದೋ ಮದುವೆಯಲ್ಲಿ ಯಾರೋ ಜಾರಿ ಬಿದ್ದದ್ದು. ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರಿಗೆ ನಗು. ನಾನೂ ನಕ್ಕೆ, ಯಾಕೆಂದು ತಿಳಿಯದೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ಮ್ಯೂಸಿಯಮ್ಮಿನ ಅಂಗಳದಲ್ಲಿ ಬಣ್ಣ ಹೊಡೆದು ನಿಲ್ಲಿಸಿದ ಉಗಿಬಂಡಿಯ ಚಕ್ರವನ್ನು ಅಪ್ಪ ಮುಟ್ಟಿ ಕಣ್ಣಿಗೊತ್ತಿಕೊಂಡರು. “ನಾನಾಜಿ, ಆಪ್ ಇಸೇ ಚಲಾತೇ ಥೇ?” ಎಂದು ನನ್ನ ಮಗಳು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿಯೇ. ಇದನ್ನು ನೀವು ಓಡಿಸುತ್ತಿದ್ದಿರಾ ಎನ್ನುವುದನ್ನು ಕನ್ನಡಕ್ಕೆ ಮಾಡಿ ಅಪ್ಪನಿಗೆ ಹೇಳಲು ನಾನು ಬಾಯಿ ತೆರೆಯುವುದರೊಳಗೆ ತಂಗಿ ಹೇಳಿಯಾಗಿತ್ತು. “ಓಡಿಸೋನು ಡ್ರೈವರು ಪುಟ್ಟಿ. ನಾನು ನಿಲ್ಲು ಅಂದ್ರೆ ಅವನು ನಿಲ್ಲಬೇಕು, ಹೋಗು ಅಂದ್ರೆ ಹೋಗಬೇಕು” ಎಂದರು ಅಪ್ಪ. ನನ್ನ ಮಗಳ ಮಾತನ್ನು ನನ್ನ ಅಪ್ಪನಿಗೆ ಮುಟ್ಟಿಸುವ ಕೆಲಸವೂ ನನಗೆ ಉಳಿಯಲಿಲ್ಲ.

ಒಳಗಿನ ಹಾಲಿನಲ್ಲಿ, ಈ ತುದಿಗೊಂದು ಆ ತುದಿಗೊಂದು, ಎರಡು ಟೋಕನ್ ಯಂತ್ರಗಳಿದ್ದವು. ಅಪ್ಪ ಅವನ್ನು ಕಂಡು ಹೆಜ್ಜೆ ನಿಲ್ಲಿಸಿಬಿಟ್ಟರು. ಒಂದೇ ಹಳಿಯ ಕಾಲದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕಲ್ಲ, ಅದಕ್ಕೆ ಎರಡೂ ಕಡೆ ಇಂಥ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಒಳಗೆ ಉಕ್ಕಿನ ಚೆಂಡುಗಳು. ಆಚೆಯ ಸ್ಟೇಷನ್ನಿನ ಮಾಸ್ತರು ಗಂಟೆ ಒತ್ತಿ ಒಪ್ಪಿಗೆ ಕೊಟ್ಟರೆ ಮಾತ್ರ ಈಚೆಯ ಪೆಟ್ಟಿಗೆಯಿಂದ ಒಂದು ಚೆಂಡು ಹೊರಗೆ ಬರುತ್ತದೆ. ಅದು ಕೈಗೆ ಬಾರದೆ ಡ್ರೈವರು ಗಾಡಿ ಬಿಡುವಂತಿಲ್ಲ. ಇಲ್ಲಿನ ಎರಡಕ್ಕೂ ತಂತಿ ಎಳೆದು ಕೆಲಸ ಮಾಡುವ ಹಾಗೆ ಇಟ್ಟಿದ್ದರು. ಅಪ್ಪ ಯಾರೆಂದು ನನ್ನ ಗಂಡ ಹೇಳಿದ್ದೇ ತಡ, ಅಲ್ಲಿದ್ದ ವಯಸ್ಸಾದ ಸಿಬ್ಬಂದಿ, “ಮಾಸ್ಟರ್ ಸಾಹಬ್ ಹೈಂ? ತಬ್ ತೋ ಆಪ್ ಹೀ ಚಲಾಇಯೇ” ಎಂದು, ಹಾಗಾದರೆ ನೀವೇ ನಡೆಸಿ ಎನ್ನುತ್ತ, ತನ್ನ ಕುರ್ಚಿಯನ್ನೇ ತಂದು ಹಾಕಿದ.

ಆಚೆಯ ತುದಿಗೆ ಒಬ್ಬರು ಬೇಕಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. ಅಪ್ಪ ತಲೆ ಎತ್ತಿ ನೋಡಲೂ ಇಲ್ಲ. “ಹೋಗೇ, ಆ ಕಡೆ ಕೂತ್ಕೊ” ಅಂದರು. ಅಂದದ್ದು ತಂಗಿಗೆ. ನಲವತ್ತೆಂಟು ವರ್ಷದ ತಂಗಿ ಹುಡುಗಿಯ ಹಾಗೆ ಓಡಿದಳು.

ಅಪ್ಪ ಎರಡು ಸಲ ಗಂಟೆ ಒತ್ತಿದರು, ಆಚೆಯಿಂದ ಎರಡು ಸಲ ಬಂತು. ಪೆಟ್ಟಿಗೆಯ ಮೇಲಿನ ಮುಳ್ಳು ಆಡಿತು. ಅಪ್ಪ ಹಿಡಿಕೆ ತಿರುಗಿಸಿದರು, ಕಿತ್ತಳೆ ಗಾತ್ರದ ಚೆಂಡು ಗಡಗಡ ಉರುಳಿ ಅವರ ಕೈಗೆ ಬಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನ್ನ ಮಗಳು ವಿಡಿಯೋ ಮಾಡಿಕೊಂಡಳು. “ಕೈ ಮರೆತಿಲ್ಲ ನಿಂಗೆ!” ಎಂದು ತಂಗಿ ಆ ತುದಿಯಿಂದ ಕೂಗಿದಳು. ಅಪ್ಪನ ಮುಖ ಆಗ ಹೇಗಿತ್ತೆಂದರೆ, ನಾನು ಇಷ್ಟು ದಿನ ಒಲೆಯ ಮುಂದೆ ನಿಂತು ತರಿಸಲಾಗದಿದ್ದದ್ದು ಅದರಲ್ಲಿತ್ತು.

“ಇದೆಲ್ಲ ಎಲ್ಲಿ ಕಲಿತಿರಿ?” ಎಂದು ನನ್ನ ಗಂಡ ಅವಳನ್ನು ಕೇಳಬೇಕೇ! ತಂಗಿ ಈ ತುದಿಗೆ ಬಂದು ಶುರು ಮಾಡಿದಳು. “ಸ್ಕೂಲಿಂದ ಬಂದವಳು ಸ್ಟೇಷನ್ನಲ್ಲೇ ಇರ್ತಿದ್ದೆ ಭಾವ. ಅಪ್ಪ ಮೇಜು ಕುಟ್ಟಿ ಕುಟ್ಟಿ ಕಲಿಸಿದ. ಮನೆಗೆ ಬಂದ ಮೇಲೂ ಅಷ್ಟೇ, ಹಸಿವಾದ್ರೆ ಅಡುಗೆಮನೆ ಗೋಡೆಗೆ ಎರಡು ಬಡೀತಿದ್ದ. ಅಡುಗೆ ಆಗಿದ್ರೆ ನಾನು ಒಳಗಿಂದ ಎರಡು ಬಡೀಬೇಕು.” ಹೇಳುತ್ತ ಅಪ್ಪನ ಭುಜಕ್ಕೆ ತಲೆ ತಾಗಿಸಿ ನಕ್ಕಳು.

ನನಗೆ ಆ ಗೋಡೆಯ ವಿಷಯ ಗೊತ್ತೇ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಾಚೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ. ನಾಲ್ಕನೇ ಕ್ಲಾಸಿನ ಮೇಲೆ ಅಲ್ಲಿ ಶಾಲೆ ಇರಲಿಲ್ಲ. ಹತ್ತು ವರ್ಷಕ್ಕೆ ನನ್ನನ್ನು ತುಮಕೂರಿನ ಅಜ್ಜಿಮನೆಗೆ ಕಳಿಸಿದರು. ಆಗ ತಂಗಿಗೆ ಮೂರು ವರ್ಷ. ಅವಳು ಶಾಲೆಗೆ ಸೇರುವ ಹೊತ್ತಿಗೆ ಅಪ್ಪನಿಗೆ ತಿಪಟೂರಿಗೆ ವರ್ಗವಾಯಿತು. ಅಲ್ಲಿ ಬೇಕಾದಷ್ಟು ಶಾಲೆ. ಅವಳಿಗೆ ಅಪ್ಪ ಸಿಕ್ಕಿದರು, ಅಮ್ಮ ಸಿಕ್ಕಿದಳು, ಗೋಡೆಯೂ ಸಿಕ್ಕಿತು. ನಾನು ದಸರಾ ರಜಕ್ಕೆ, ಬೇಸಿಗೆ ರಜಕ್ಕೆ ನೆಂಟಳ ಹಾಗೆ ಹೋಗಿಬರುತ್ತಿದ್ದೆ. ಸಣ್ಣವಳಿದ್ದಾಗ ನಾನು ಟೋಕನ್ ಯಂತ್ರದ ಹತ್ತಿರ ಸುಳಿದರೆ, “ದೂರ ನಿಲ್ಲು, ಜನರ ಪ್ರಾಣದ ವಿಷಯ” ಅನ್ನುತ್ತಿದ್ದರು. ತಂಗಿಯ ಕಾಲಕ್ಕೆ ಜನರ ಪ್ರಾಣ ಎಲ್ಲಿ ಹೋಗಿತ್ತೋ!

ನೆತ್ತಿಗೇರಿತು ನೋಡಿ. ನೇರ ಆ ತುದಿಗೆ ಹೋದೆ. ತಂಗಿ ಆಗಲೇ ವಾಪಸ್ ಹೋಗಿ ಕೂತಿದ್ದಳು.

“ಏಳು, ನಾನು ಕೂರ್ತೀನಿ.”

“ನಿಂಗೆ ಬರಲ್ವಲ್ಲ ಅಕ್ಕ.”

“ಬರದೇ ಇರೋಕೆ ಇದೇನು ವೇದಾನಾ? ಏಳೇ ಸುಮ್ನೆ!”

ಕೂತೆ. ಅಪ್ಪನ ಕಡೆಯಿಂದ ಎರಡು ಸಲ ಗಂಟೆ ಬಂತು. ಎಷ್ಟು ಬಂತೋ ಅಷ್ಟೇ ವಾಪಸ್ ಕೊಡಬೇಕೆಂದು ಎರಡು ನಿಮಿಷದ ಹಿಂದೆ ಕಣ್ಣಾರೆ ಕಂಡಿದ್ದೆ. ಆದರೆ ಸಿಟ್ಟು ಬಂದವಳಿಗೆ ಎಣಿಕೆ ಎಲ್ಲಿರುತ್ತದೆ? ಒತ್ತಿದೆ, ಮತ್ತೆ ಒತ್ತಿದೆ, ಒತ್ತುತ್ತಲೇ ಹೋದೆ.

ಆ ತುದಿಯಲ್ಲಿ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಅಪ್ಪ ಎದ್ದು, ಕೋಲನ್ನೂ ಹಿಡಿಯದೆ, ಹಾಲಿನುದ್ದಕ್ಕೂ ಓಡಿಬರುತ್ತಿದ್ದರು. “ಯಾರು ಆರು ಕೊಟ್ಟಿದ್ದು? ಯಾರದು? ಆರು ಅಂದ್ರೇನು ಗೊತ್ತಾ? ಅಪಾಯ! ಹಳಿ ಮೇಲೆ ಏನೋ ಆಗಿದೆ, ಗಾಡಿ ತಡೆ ಅಂತ! ಹುಡುಗಾಟಾನಾ ಇದು? ತಲೆ ಎಲ್ಲಿಟ್ಟಿದ್ದೆ?” ಅದು ಡ್ಯೂಟಿಯ ಮೇಲಿದ್ದ ಮಾಸ್ತರ ದನಿ. ನೋಡಲು ಬಂದವರೆಲ್ಲ ನಮ್ಮ ಕಡೆ ತಿರುಗಿದರು.

“ನಂಗೆ ಹೇಗೆ ಗೊತ್ತಿರುತ್ತೆ?” ಎಂದು ನಾನೂ ಕಿರುಚಿದೆ. “ಯಾರು ಹೇಳಿಕೊಟ್ಟಿದ್ರು ನಂಗೆ? ಹತ್ತು ವರ್ಷಕ್ಕೆ ಟ್ರಂಕು ಕಟ್ಟಿ ಕಳಿಸಿಬಿಟ್ರಲ್ಲ! ಅವಳಿಗೆ ಗೋಡೆ ಬಡಿದು ಕಲಿಸಿದ್ರಿ, ನಂಗೆ 'ಕ್ಷೇಮ' ಅಂತ ಕಾರ್ಡು ಬರೆದ್ರಿ. ಈಗ ಬಂದು ಬೈತೀರಾ?”

ಐವತ್ತೈದು ವರ್ಷದ ಹೆಂಗಸು, ಬ್ಯಾಂಕಿನಲ್ಲಿ ಹತ್ತು ಜನ ‘ಮೇಡಂ’ ಅನ್ನುವವಳು, ಹಾಗೆ ಕಿರುಚಿದೆ. ನಾಚಿಕೆಯಾಗಲಿಲ್ಲ. ನನ್ನ ಗಂಡ ಮಗಳ ಕೈ ಹಿಡಿದು ಲಾಟೀನುಗಳ ಕಡೆ ಕರೆದೊಯ್ದರು. ತಂಗಿ ಏನೋ ಹೇಳಲು ಹೋಗಿ, “ನೀರು ತರ್ತೀನಿ, ಮಾತ್ರೆ ಹೊತ್ತಾಯ್ತು” ಎಂದು ಹೊರಟಳು. ಅಪ್ಪ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ನಾನು ಹೋಗಿ ಒಂದು ಮೊಳ ದೂರದಲ್ಲಿ ಕೂತೆ. ಇಷ್ಟಾದ ಮೇಲೆ ಮುಚ್ಚಿಟ್ಟುಕೊಂಡು ಏನು ಮಾಡಲಿ?

“ತಿಪಟೂರಿಗೆ ವರ್ಗ ಆಯ್ತಲ್ಲ, ಆಗಲಾದ್ರೂ ನನ್ನ ವಾಪಸ್ ಕರೆಸಿಕೊಳ್ಳಬಹುದಿತ್ತಲ್ವಾ ಅಪ್ಪ?”

ಅಪ್ಪ ನನ್ನನ್ನೇ ನೋಡಿದರು. “ನೀನು ಬರ್ತಿದ್ಯಾ?”

“ಇದೇನು ಹೀಗೆ ಕೇಳ್ತೀರಿ?”

“ನಿಂಗೆ ನಾವು ಬೇಕು ಅಂತ ನಂಗೆ ಅನ್ನಿಸಲೇ ಇಲ್ಲಮ್ಮ. ನೀನು ಗಟ್ಟಿ ಅಂದ್ಕೊಂಡೆ. ಎಲ್ಲಾ ಮಾಸ್ತರುಗಳೂ ಹಾಗೇ ಹೇಳಿದ್ರು.”

“ಯಾವ ಮಾಸ್ತರುಗಳು?”

ಅಪ್ಪ ನಿಧಾನವಾಗಿ ಹೇಳಿದರು. “ನಿನ್ನ ಕಳಿಸಿದ ದಿನ. ನಿಮ್ಮ ಸೋದರಮಾವನ ಜೊತೆ ಪ್ಯಾಸೆಂಜರ್ ಗಾಡೀಲಿ ಕೂರಿಸಿದ್ನಲ್ಲ. ಗಾಡಿ ಬಿಟ್ಟ ಮೇಲೆ ನಿಮ್ಮಮ್ಮ ಒಲೆ ಹಚ್ಚಲಿಲ್ಲ. ನಾನು ಡ್ಯೂಟಿ ಬಿಟ್ಟು ಏಳೋ ಹಾಗಿಲ್ಲ. ನಮ್ಮ ಫೋನು ಪಕ್ಕದ ಸ್ಟೇಷನ್ನಿಗೆ ಮಾತ್ರ ಹೋಗೋದು. ಅಲ್ಲಿನ ಮಾಸ್ತರಿಗೆ ಹೇಳಿದೆ, ಮೂರನೇ ಡಬ್ಬಿ, ಕಿಟಕಿ ಪಕ್ಕ, ಹಸಿರು ಲಂಗ, ನನ್ನ ಮಗಳು. ಅಳ್ತಿದ್ದಾಳಾ ನೋಡಿ ಹೇಳಪ್ಪಾ ಅಂತ. ಅವನು ನೋಡಿ ನಂಗೆ ಹೇಳಿದ, ಮುಂದಿನವನಿಗೂ ಹೇಳಿಟ್ಟ. ಹಾಗೇ ತುಮಕೂರಿನ ತನಕ ಒಬ್ಬರಿಂದ ಒಬ್ಬರಿಗೆ ಹೋಯ್ತು, ಒಬ್ಬರಿಂದ ಒಬ್ಬರಿಗೆ ವಾಪಸ್ ಬಂತು. ಎಲ್ಲರದೂ ಒಂದೇ ಸುದ್ದಿ. ಅಳ್ತಿಲ್ಲ ಮಾಸ್ತರೇ, ನೆಟ್ಟಗೆ ಕೂತಿದ್ದಾಳೆ, ನನ್ನ ನೋಡಿ ನಮಸ್ಕಾರ ಅಂದ್ಲು ಅಂತ. ಒಬ್ಬನಾದ್ರೂ ಅಳ್ತಿದ್ದಾಳೆ ಅಂದಿದ್ರೆ, ಮಾರನೇ ದಿನವೇ ರಜ ಹಾಕಿ ಬಂದು ಕರಕೊಂಡು ಹೋಗ್ತಿದ್ದೆ.”

ಆ ಪ್ರಯಾಣವನ್ನು ನಾನು ಯಾರಿಗೂ ಹೇಳಿದವಳಲ್ಲ, ಗಂಡನಿಗೂ.

“ಅಪ್ಪ, ಅವರೆಲ್ಲ ನಿಮ್ಮ ಜೊತೆಯವರಲ್ವಾ? ಬಿಳಿ ಡ್ರೆಸ್ಸು ಹಾಕ್ಕೊಂಡು, ಬಾವುಟ ಹಿಡ್ಕೊಂಡು ಪ್ಲಾಟ್‌ಫಾರ್ಮಲ್ಲಿ ನಿಂತಿರೋರು. ಅವರೆದುರಿಗೆ ಅತ್ರೆ, ಮಾಸ್ತರ ಮಗಳು ಅತ್ಲು ಅಂತ ನಿಮಗೆ ಅವಮಾನ ಆಗುತ್ತೆ ಅಂದ್ಕೊಂಡೆ. ಸ್ಟೇಷನ್ ಬಂತು ಅಂತ ಸಿಗ್ನಲ್ಲಿನ ಕೈಮರ ಕಂಡ ತಕ್ಷಣ ಲಂಗದಲ್ಲಿ ಮುಖ ಒರೆಸಿಕೊಂಡು ನೆಟ್ಟಗೆ ಕೂರ್ತಿದ್ದೆ. ಗಾಡಿ ಮುಂದಕ್ಕೆ ಹೋದ ಮೇಲೆ ಮತ್ತೆ ಅಳ್ತಿದ್ದೆ. ಮಾವ ನಿದ್ದೆ ಹೋಗಿದ್ದ. ತುಮಕೂರಿನ ತನಕ ಹಾಗೇ.”

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳಲು ಮರೆತರು. “ಹೌದಲ್ಲ” ಅಂದರು ಕೊನೆಗೆ. “ನಾವು ನೋಡೋದು ಸ್ಟೇಷನ್ನಲ್ಲಿ ಮಾತ್ರ. ಮಧ್ಯೆ ಯಾರು ನೋಡ್ತಾರೆ?”

“ಇಲ್ಲೇ ಇರಿ ಅಪ್ಪ” ಅಂದೆ. “ನಂಗೆ ನೀವು ಬೇಕು.” ಇಷ್ಟು ದಿನ ಇದೇ ನಾಲ್ಕು ಮಾತಿಗೆ ಎಷ್ಟು ಅಡುಗೆ ಮಾಡಿದ್ದೆ!

ಅಷ್ಟರಲ್ಲಿ ತಂಗಿ ನೀರಿನ ಬಾಟಲಿ ಹಿಡಿದು ಎದುರಿಗೆ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಅಪ್ಪ ಅವಳ ಕೈಯಿಂದ ಮಾತ್ರೆ ಇಸಿದುಕೊಂಡು ನುಂಗಿ, “ಗುರುವಾರದ್ದು ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಡು ಕಣೆ. ಯುಗಾದಿ ಆಗಲಿ” ಅಂದರು. ಅವಳು “ಹೂಂ” ಅಂದಳು. ಮುಚ್ಚಳ ತಿರುಗಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ತಿರುಗಿಸಿದಳು.

ಹೊರಗೆ ಬರುವಾಗ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, “ಅಕ್ಕ, ನಿಜವಾಗ್ಲೂ ಅತ್ತಿದ್ಯಾ? ಇಲ್ಲಾ ಈಗ ಕಟ್ಟಿ ಹೇಳಿದ್ಯಾ?” ಅವಳ ಕಣ್ಣಿನಲ್ಲಿದ್ದದ್ದು ಹೊಟ್ಟೆಕಿಚ್ಚೇ. ನಲವತ್ತೈದು ವರ್ಷ ನಾನು ಸಾಕಿಕೊಂಡ ಪ್ರಾಣಿ ಅದು, ನನಗೆ ಗುರುತು ಸಿಗುವುದಿಲ್ಲವೇ? ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ. “ಮೈಸೂರಿನ ತನಕ ಯೋಚನೆ ಮಾಡ್ತಾ ಹೋಗು” ಅಂದೆ. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಗುರುವಾರ ಅವಳನ್ನು ಗಾಡಿ ಹತ್ತಿಸಲು ನಾನು, ಅಪ್ಪ ಹೋದೆವು. ಕಿಟಕಿಯಿಂದಲೇ ಅವಳು ಅಪ್ಪನಿಗೆ ಬೈದಳು. ಸ್ವೆಟರ್ ಹಾಕ್ಕೋ, ಹಲ್ಲಿನ ಸೆಟ್ಟು ತೊಳಿ, ಅಕ್ಕಂಗೆ ಉಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳು. ಗಾಡಿ ಅಲುಗಿದಾಗ ನೆಟ್ಟಗೆ ಕೂತು ಕೈ ಬೀಸಿದಳು. ಕಣ್ಣು ಒಣಗಿಯೇ ಇತ್ತು.

ಕೊನೆಯ ಡಬ್ಬಿ ಪ್ಲಾಟ್‌ಫಾರ್ಮು ದಾಟುವವರೆಗೆ ಅಪ್ಪ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಅವಳಿಗೆ ಫೋನ್ ಹಚ್ಚು” ಅಂದರು.

“ಈಗ ತಾನೇ ಹೋದ್ಲಲ್ಲ ಅಪ್ಪ.”

“ಅದಕ್ಕೇ ಹೇಳಿದ್ದು. ಸ್ಟೇಷನ್ ದಾಟಿದ ಮೇಲೆ ಕೇಳಬೇಕು.”

ನಲವತ್ತೈದು ವರ್ಷದ ಹಿಂದೆ ನನಗೆ ಸಿಗಬೇಕಾಗಿದ್ದ ಫೋನು ಇದು, ಇದೂ ಅವಳಿಗೇ ಹೋಗುತ್ತಿದೆ. ಆದರೂ ನಂಬರು ಒತ್ತಿದೆ. ಮೂರು ರಿಂಗಿಗೆ ಎತ್ತಿದಳು. ಬಿಕ್ಕಿ ಬಿಕ್ಕಿ ಅಳುವ ಸದ್ದು ಮಾತ್ರ. ಫೋನನ್ನು ಅಪ್ಪನ ಕೈಗೆ ಕೊಟ್ಟೆ.